ಅಕ್ಕೋರ ಲೆನ್ಸು ಬಿಚ್ಚಿದ ಮೇಲೆ

ಬನಹಟ್ಟಿಯ ಮಗ್ಗದ ಶೆಡ್ಡಿನಿಂದ ಮೊದಲ ದಿನವೇ ಸೋತು ಬಂದೆ. ನೇಕಾರರ ಸಂಘವೊಂದು ತನ್ನ ಹೊಸ ಸಭಾಭವನದ ಗೋಡೆಗಾಗಿ ಚಿತ್ರಗಳನ್ನು ತೆಗೆದುಕೊಡಲು ಹೇಳಿತ್ತು. ಸೀರೆಯ ಚಿತ್ರಗಳಲ್ಲ, ಸೀರೆ ನೇಯುವವರ ಮುಖಗಳು. ಜಮಖಂಡಿಯಲ್ಲಿ ಸ್ಟುಡಿಯೋ ಇಟ್ಟುಕೊಂಡು ಮದುವೆ, ಬಸುರಿಯರ ಕುಬಸ, ಪಾಸ್‌ಪೋರ್ಟ್ ಫೋಟೋಗಳಲ್ಲೇ ದಿನ ಕಳೆಯುವ ನನಗೆ ಅಂಥ ಕೆಲಸ ಹಿಂದೆಂದೂ ಸಿಕ್ಕಿರಲಿಲ್ಲ. ಶೆಡ್ಡಿನಲ್ಲಿ ಮಗ್ಗಕ್ಕೊಂದು ಟ್ಯೂಬ್‌ಲೈಟು, ಅದೂ ಹತ್ತಿಯ ಧೂಳು ಕೂತು ಮಂಕಾದದ್ದು. ಫ್ಲ್ಯಾಶ್ ಹೊಡೆದರೆ ಮುಖಕ್ಕೆ ಸುಣ್ಣ ಬಳಿದಂತಾಗಿ ಹಿಂದಿನ ಮಗ್ಗವೆಲ್ಲ ಕಪ್ಪಾಗುತ್ತಿತ್ತು. ಫ್ಲ್ಯಾಶ್ ಬಿಟ್ಟರೆ ನನ್ನ ಲೆನ್ಸಿಗೆ ಬೆಳಕು ಸಾಲದೆ ಓಡುವ ಕೈಗಳೆಲ್ಲ ಮಸುಕಾಗುತ್ತಿದ್ದವು.

ಮೂಲೆಯಲ್ಲಿ ಕುಳಿತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದ ಹಿರಿಯ ಹೆಂಗಸೊಬ್ಬರು ಕಣ್ಣುಜ್ಜಿಕೊಂಡು ನನ್ನನ್ನು ಕರೆದರು.

“ಯಪ್ಪಾ, ನೀ ಹಿಂಗ ಮಿಂಚ ಹೊಡದ್ರ ನೂಲ ಹರದದ್ದು ನನಗ ಕಾಣೂದಿಲ್ಲ. ಮಿಂಚ ಇಲ್ಲದ ತಗಿಯಾಕ ಬರೂದಿಲ್ಲೇನು?”

ಬರುತ್ತದೆ. ಆದರೆ ಅದಕ್ಕೆ ಹೆಚ್ಚು ಬೆಳಕು ನುಂಗುವ, ದೊಡ್ಡ ಬಾಯಿಯ ಲೆನ್ಸು ಬೇಕು. ಹೊಸದು ಕೊಳ್ಳುವುದು ನನ್ನ ಕೈಮೀರಿದ ಮಾತು. ಬೈಕ್ ಮೇಲೆ ವಾಪಸು ಬರುವಾಗ ಅಕ್ಕೋರ ಲೆನ್ಸು ನೆನಪಾಯಿತು.

ಅಕ್ಕೋರು ನನಗೆ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿದವರು. ಕುರಿ ಕಾಯುವ ಮನೆತನದಿಂದ ಬಂದು ಸರಕಾರಿ ನೌಕರಿ ಹಿಡಿದವರು. ನಿವೃತ್ತರಾದ ಮೇಲೆ ಜಮಖಂಡಿಯಲ್ಲಿ ತಂಗಿಯ ಮನೆಯ ಮೇಲಿನ ಕೋಣೆಯಲ್ಲಿ ಇದ್ದರು. ಕೆಳಗೆ ತಂಗಿಯ ಮೊಮ್ಮಕ್ಕಳ ಗದ್ದಲ, ಮೇಲೆ ಇವರ ಬಣ್ಣ, ಕುಂಚ, ಮತ್ತು ಇಂದಿಗೂ ರೀಲು ಹಾಕಿ ತೆಗೆಯುವ ಒಂದು ಹಳೆಯ ಕ್ಯಾಮೆರಾ. ಪ್ರತಿ ಮಳೆಗಾಲ ಕೃಷ್ಣೆ ತುಂಬಿ ಚಿಕ್ಕಪಡಸಲಗಿ ಬ್ಯಾರೇಜಿನ ಮೇಲೆ ನೀರು ಹೊರಳಿದಾಗ ಅವರು ಅಲ್ಲಿಗೆ ಹೋಗಿ, ಒಂದೇ ಜಾಗದಲ್ಲಿ ನಿಂತು, ಅದೇ ಲೆನ್ಸಿನಿಂದ ಆಚೆ ದಂಡೆಯ ಚಿತ್ರ ತೆಗೆಯುತ್ತಿದ್ದರು. ಆ ಬ್ಯಾರೇಜು ಕಟ್ಟುವಾಗ ಅವರ ಅಪ್ಪನೂ ಕಲ್ಲು ಹೊತ್ತಿದ್ದರಂತೆ. ಅವರ ಕೋಣೆಯ ಒಂದು ಗೋಡೆಯ ತುಂಬ ಆ ಚಿತ್ರಗಳು. ಅದೇ ದಂಡೆ, ಅವೇ ಜಾಲಿ ಮರಗಳು. ನೀರು ಮಾತ್ರ ವರ್ಷಕ್ಕೊಂದು ತರಹ.

ನಾನು ಸಂಕೋಚದಿಂದ ಕೇಳಿದೆ. ಅವರು ತಕ್ಷಣ ಕ್ಯಾಮೆರಾದಿಂದ ಲೆನ್ಸು ತಿರುವಿ ತೆಗೆದು ನನ್ನ ಕೈಗಿಟ್ಟರು.

“ನೀರ ಬರೂತನಕ ನನಗ ಇದರ ಕೆಲಸಿಲ್ಲ, ಒಯ್ಯಿ. ಆದ್ರ ಒಂದ ಮಾತು ತಮ್ಮಾ, ಬಿಚ್ಚಬ್ಯಾಡ. ಇದರ ಹೊಟ್ಯಾಗ ಇನ್ನೂ ಯಾರೂ ಕೈ ಹಾಕಿಲ್ಲ.”

“ಏ, ಇಲ್ರಿ ಅಕ್ಕೋರ. ನಾ ಯಾಕ ಬಿಚ್ಚಲಿ?”

ಆ ಹಳೆಯ ಲೆನ್ಸು ತಿರುಪಿನದು, ಬಾಟಲಿಯ ಮುಚ್ಚಳದಂತೆ ತಿರುವಿ ಕೂರಿಸುವಂಥದ್ದು. ನನ್ನ ಡಿಜಿಟಲ್ ಕ್ಯಾಮೆರಾದ ಬಾಯಿ ಬೇರೆ. ಎರಡರ ನಡುವೆ ತೆಳ್ಳನೆಯ ಲೋಹದ ಅಡಾಪ್ಟರ್ ರಿಂಗ್ ಬೇಕು, ಮತ್ತು ಆ ರಿಂಗಿನ ದಪ್ಪದಲ್ಲೇ ಎಲ್ಲ ಇದೆ. ಲೆನ್ಸಿಗೂ ಒಳಗೆ ಚಿತ್ರ ಮೂಡುವ ಜಾಗಕ್ಕೂ ಇಂತಿಷ್ಟೇ ಅಂತರ ಇರಬೇಕು. ಕೂದಲೆಳೆಯಷ್ಟು ಹೆಚ್ಚಾದರೂ ದೂರದ ವಸ್ತು ಸ್ಪಷ್ಟವಾಗಿ ಬರುವುದಿಲ್ಲ. ಕಡಿಮೆಯಾದರೆ ಅಂಥ ಕೇಡಿಲ್ಲ. ಫೋಕಸ್ಸಿನ ರಿಂಗನ್ನು ಕೊನೆಯವರೆಗೆ ತಿರುಗಿಸದೆ ತುಸು ಮೊದಲೇ ನಿಲ್ಲಿಸಿದರಾಯಿತು.

ಆನ್‌ಲೈನಿನಲ್ಲಿ ತರಿಸಿದ ರಿಂಗು ಬಂತು. ಹಾಕಿದರೆ ಕ್ಯಾಮೆರಾ ತನಗೆ ಲೆನ್ಸೇ ಇಲ್ಲ ಎಂದು ಹಟ ಹಿಡಿಯಿತು. ಮೆನುವಿನಲ್ಲಿ ಹುಡುಕಿ, ಲೆನ್ಸ್ ಇಲ್ಲದಿದ್ದರೂ ಚಿತ್ರ ತೆಗೆ ಎಂದು ಒಪ್ಪಿಸಿದೆ. ಬೆಳಕು, ವೇಗ, ಫೋಕಸ್ಸು ಎಲ್ಲ ಕೈಯಿಂದಲೇ ಹೊಂದಿಸಬೇಕು. ಮೊದಲ ಚಿತ್ರದಲ್ಲಿ ಎಡಭಾಗ ಸ್ಪಷ್ಟ, ಬಲಭಾಗ ಮಬ್ಬು. ಮತ್ತೆ ತೆಗೆದರೂ ಹಾಗೆಯೇ. ರಿಂಗು ಒಂದು ಕಡೆ ಎದ್ದಿತ್ತು.

ರಬಕವಿಯಲ್ಲಿ ಮಗ್ಗದ ಬಿಡಿಭಾಗ ಮಾಡುವ ಲೇಥ್ ಅಂಗಡಿಯೊಂದಕ್ಕೆ ಅದನ್ನು ಒಯ್ದೆ. ಅಂಗಡಿಯವರು ರಿಂಗನ್ನು ಗಾಜಿನ ಮೇಲಿಟ್ಟು ಬೆರಳಿನಿಂದ ಅಲ್ಲಾಡಿಸಿ ನೋಡಿದರು.

“ಡೊಂಕ ಐತ್ರಿ ಸರ. ಒಂದ ಕೈ ಹೊಡದ ಸಪಾಟ ಮಾಡ್ಲೇನ್ರಿ?”

“ಮಾಡ್ರಿ. ಭಾಳ ತಗೀಬ್ಯಾಡ್ರಿ ಮತ್ತ.”

“ಕಾಗದದಷ್ಟ ಹೋಗತೈತ್ರಿ, ಅಷ್ಟ.”

ಕಾಗದದಷ್ಟು ಹೋಯಿತು. ರಿಂಗು ಸಪಾಟಾಗಿ ಕೂತಿತು, ಚಿತ್ರದ ಎರಡೂ ಕಡೆ ಸ್ಪಷ್ಟವಾಯಿತು. ರಿಂಗಿನ ಒಳಗಿನ ಹೊಳಪಿನಿಂದ ಚಿತ್ರದ ನಡುವೆ ಬಿಳಿ ಕಲೆ ಬರುತ್ತಿತ್ತು, ಅದಕ್ಕೆ ಕಪ್ಪು ಬಣ್ಣ ಬಳಿದೆ. ಟ್ಯೂಬ್‌ಲೈಟು ಕಣ್ಣಿಗೆ ಕಾಣದ ಹಾಗೆ ಮಿನುಗುವುದರಿಂದ ಚಿತ್ರದಲ್ಲಿ ಪಟ್ಟೆ ಮೂಡುತ್ತಿದ್ದವು, ಶಟರಿನ ವೇಗ ಇಳಿಸಿ ಅದನ್ನೂ ಸರಿಮಾಡಿದೆ. ಶೆಡ್ಡಿನ ಅದೇ ಮಂಕು ಬೆಳಕಿನಲ್ಲಿ ಮುಖಗಳು ಹಣತೆಯ ಎದುರು ಕೂತವರ ಹಾಗೆ ಬರತೊಡಗಿದವು. ಇಷ್ಟಕ್ಕೆ ನಿಲ್ಲಿಸಿದ್ದರೆ ನಾನು ಈ ಕಥೆ ಬರೆಯುವ ಅಗತ್ಯವಿರಲಿಲ್ಲ.

ಎರಡು ತೊಂದರೆ ಉಳಿದಿದ್ದವು. ಲೆನ್ಸಿನೊಳಗಿನ ಗ್ರೀಸು ಒಣಗಿ ಬೆಲ್ಲದ ಪಾಕದಂತೆ ಗಟ್ಟಿಯಾಗಿತ್ತು. ಫೋಕಸ್ಸಿನ ರಿಂಗು ತಿರುಗಿಸಲು ಮಣಿಕಟ್ಟೆಲ್ಲ ಬಳಸಬೇಕು. ಇನ್ನೊಂದು, ಲೆನ್ಸಿನ ಹಿಂಭಾಗದಲ್ಲಿ ಒಂದು ಸಣ್ಣ ಕಡ್ಡಿ ಇತ್ತು. ಹಳೆಯ ಕ್ಯಾಮೆರಾ ಅದನ್ನು ಒತ್ತಿದಾಗ ಮಾತ್ರ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ ಕಿರಿದಾಗುತ್ತದೆ. ನನ್ನ ಅಡಾಪ್ಟರ್ ರಿಂಗು ಅದನ್ನು ಒತ್ತುತ್ತಿರಲಿಲ್ಲ. ಕಿಂಡಿ ಯಾವಾಗಲೂ ಪೂರ್ತಿ ತೆರೆದೇ ಇರುತ್ತಿತ್ತು, ಇಬ್ಬರು ಕೂಡಿ ಕುಳಿತರೆ ಒಬ್ಬರದೇ ಮುಖ ಸ್ಪಷ್ಟವಾಗುತ್ತಿತ್ತು.

ಒಂದು ಮಧ್ಯಾಹ್ನ ಕಂಡಿಕೆ ಸುತ್ತುವ ಆ ಹೆಂಗಸು, ಪಕ್ಕದವಳು ಹೇಳಿದ ಯಾವುದೋ ಮಾತಿಗೆ ತಲೆ ಹಿಂದೆ ಚೆಲ್ಲಿ ನಕ್ಕರು. ನಾನು ಎರಡು ಮಾರು ದೂರದಲ್ಲೇ ಇದ್ದೆ. ರಿಂಗು ತಿರುಗಿಸಿ ಮುಗಿಸುವಷ್ಟರಲ್ಲಿ ನಗು ಮುಗಿದು ಅವರು ಮತ್ತೆ ನೂಲಿನ ಮೇಲೆ ಬಾಗಿದ್ದರು. ಆ ಸಂಜೆಯೇ ಬಿಚ್ಚುವುದೆಂದು ನಿಶ್ಚಯಿಸಿದೆ. ಅಕ್ಕೋರಿಗೆ ಫೋನು ಮಾಡಿ ಕೇಳಬಹುದಿತ್ತು. ಕೇಳಿದರೆ ಬೇಡ ಎನ್ನುತ್ತಾರೆಂದು ಗೊತ್ತಿದ್ದರಿಂದಲೇ ಕೇಳಲಿಲ್ಲ.

ಮುಧೋಳದ ಗಡಿಯಾರ ರಿಪೇರಿಯವರೊಬ್ಬರಿಂದ ಸಣ್ಣ ತಿರುಪುಳಿಗಳನ್ನು ಕೇಳಿ ತಂದೆ. “ತಿರುಪ ಎಲ್ಲಿ ಬಿಟ್ಟ ಹೊರಗ ಬರತೈತಿ, ಅಲ್ಲೇ ಗುರ್ತ ಹಾಕ್ಕೋರಿ,” ಎಂದು ಅವರು ಎಚ್ಚರಿಸಿದ್ದರು. ಪೆನ್ಸಿಲಿನಿಂದ ಗುರುತು ಹಾಕಿಕೊಂಡೆ. ಆಮೇಲೆ ಹಳೆಯ ಗ್ರೀಸು ತೊಳೆಯಲು ಪೆಟ್ರೋಲು ಹಾಕಿ ಉಜ್ಜಿದೆ. ಗ್ರೀಸಿನ ಜೊತೆ ಗುರುತೂ ಹೋಯಿತು.

ಆ ಲೆನ್ಸಿನ ಒಳತಿರುಪಿಗೆ ಎಳೆ ಶುರುವಾಗುವ ಹಲವು ಬಾಯಿಗಳಿರುತ್ತವೆ. ಯಾವ ಬಾಯಿಗೆ ಹಾಕಿದರೂ ಅದು ಸಲೀಸಾಗಿ ಕೂಡಿಕೊಳ್ಳುತ್ತದೆ, ಆದರೆ ಸರಿಯಾದದ್ದು ಒಂದೇ. ಸ್ಟುಡಿಯೋದ ಬಾಗಿಲು ಮುಂದೆ ಮಾಡಿ, ಬಂದ ಗಿರಾಕಿಗಳನ್ನು ನಾಳೆ ಬನ್ನಿ ಎಂದು ಕಳಿಸಿ, ಹಾಕುವುದು, ತಿರುವುವುದು, ನೋಡುವುದು, ಮತ್ತೆ ಬಿಚ್ಚುವುದು. ಕೈಯೆಲ್ಲ ಬೆವೆತು, ಗಾಜಿನ ಮೇಲೆ ನನ್ನ ಬೆರಳಚ್ಚು ಮೂಡಿ, ಅದನ್ನು ಒರೆಸುವಾಗ ಅಕ್ಕೋರ ಮಾತು ಕಿವಿಯಲ್ಲಿ ಕೇಳಿದಂತಾಗಿ ಒಮ್ಮೆ ಎದ್ದು ಹೊರಗೆ ಹೋಗಿ ಚಹಾ ಕುಡಿದು ಬಂದೆ. ಕೊನೆಗೆ ಸರಿಯಾದ ಬಾಯಿ ಸಿಕ್ಕಿತು. ಹೊಸ ಗ್ರೀಸು ಹಚ್ಚಿದೆ. ಹಿಂದಿನ ಕಡ್ಡಿಯನ್ನು ಒತ್ತಿ ಹಿಡಿದು ಅಂಟು ಹಾಕಿ ಶಾಶ್ವತವಾಗಿ ಕೂರಿಸಿಬಿಟ್ಟೆ. ಈಗ ಕಿಂಡಿ ಅದರ ರಿಂಗನ್ನು ಕೈಯಿಂದ ತಿರುಗಿಸಿದಷ್ಟೇ ಕಿರಿದಾಗುತ್ತಿತ್ತು.

ಒಂದು ಕೆಲಸ ಉಳಿದಿತ್ತು. ಫೋಕಸ್ಸಿನ ರಿಂಗು ಕೊನೆಗೆ ತಾಗಿ ನಿಲ್ಲುವಲ್ಲಿ ಅತಿ ದೂರದ ವಸ್ತು ಸ್ಪಷ್ಟವಾಗಬೇಕು. ಲೆನ್ಸಿನ ಮೇಲೆ ಅಲ್ಲಿ ಮಲಗಿದ ಎಂಟರಂಥ ಅನಂತದ ಗುರುತು ಇರುತ್ತದೆ. ನಾನು ಲೆನ್ಸನ್ನು ನನ್ನ ಕ್ಯಾಮೆರಾಕ್ಕೆ ಹಾಕಿ, ಊರಾಚೆ ಗುಡ್ಡದ ಮೇಲಿನ ಟವರನ್ನು ಪರದೆಯ ಮೇಲೆ ಹಿಗ್ಗಿಸಿ ನೋಡುತ್ತ, ಅದರ ಕಬ್ಬಿಣದ ಪಟ್ಟಿಗಳು ಒಂದೊಂದೂ ಎಣಿಸುವಂತೆ ಕಂಡ ಜಾಗಕ್ಕೆ ಕೊನೆಯ ತಡೆಯನ್ನು ಬಿಗಿದೆ. ನನ್ನ ಅಡಾಪ್ಟರ್ ರಿಂಗು ಲೇಥಿನಲ್ಲಿ ಕಾಗದದಷ್ಟು ಸವೆದಿದೆ, ಅದಕ್ಕೆ ತಕ್ಕಂತೆ ನಾನು ಲೆನ್ಸನ್ನೇ ತಿದ್ದುತ್ತಿದ್ದೇನೆ ಎಂಬುದು ಆಗ ಹೊಳೆಯಲಿಲ್ಲ. ಕೆಲಸ ಮುಗಿದದ್ದಕ್ಕೆ ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡೆ.

ಆಮೇಲಿನ ದಿನಗಳು ಚೆನ್ನಾಗಿದ್ದವು ಎಂದು ಹೇಳಲೇಬೇಕು. ಫೋಕಸ್ಸಿನ ರಿಂಗು ಈಗ ಒಂದು ಬೆರಳಿಗೆ ತಿರುಗುತ್ತಿತ್ತು. ಫ್ಲ್ಯಾಶ್ ಇಲ್ಲದ್ದರಿಂದ ಶೆಡ್ಡಿನವರು ನನ್ನನ್ನು ಮರೆತೇಬಿಟ್ಟರು. ಕಂಡಿಕೆಯ ಹೆಂಗಸು ಹರಿದ ನೂಲಿನ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಗಂಟು ಹಾಕುವ ಚಿತ್ರ ಸಿಕ್ಕಿತು. ಕಣ್ಣು ಅರ್ಧ ಮುಚ್ಚಿವೆ, ಬೆರಳುಗಳ ಮೇಲೆ ಮಾತ್ರ ಬೆಳಕು. ತೆಗೆದ ಗಳಿಗೆಯಲ್ಲೇ ಅದು ನನ್ನ ಕೈಯಿಂದ ಬಂದ ಅತ್ಯುತ್ತಮ ಚಿತ್ರವೆಂದು ಗೊತ್ತಾಯಿತು. ಅಕ್ಕೋರು ಆಗಾಗ ಫೋನು ಮಾಡಿ, “ಲೆನ್ಸು ಹೆಂಗೈತಿ?” ಎಂದರೆ ನಾನು ಚಿತ್ರಗಳ ಸುದ್ದಿ ಹೇಳಿ ಮಾತು ತಿರುಗಿಸುತ್ತಿದ್ದೆ. ಅವರು ಖುಷಿಯಾಗಿ ಕೇಳುತ್ತಿದ್ದರು. ಫೋನು ಇಟ್ಟ ಮೇಲೆ ಸ್ವಲ್ಪ ಹೊತ್ತು ನನಗೆ ಯಾವ ಕೆಲಸವೂ ಸಾಗುತ್ತಿರಲಿಲ್ಲ.

ಮಳೆ ಹಿಡಿಯಿತು. ಒಂದು ಸಂಜೆ ಅವರ ಫೋನು.

“ತಮ್ಮಾ, ಮ್ಯಾಲಿನ ಡ್ಯಾಮಿಂದ ನೀರ ಬಿಟ್ಟಾರಂತ. ನಾಳಿ ಮುಂಜಾನೆ ಹೊಳಿಗೆ ಹೋಗೂಣು. ಲೆನ್ಸ ತಗೊಂಡ ಬಾ, ನಿನ್ನ ಗಾಡಿ ಮ್ಯಾಲ ಹೋಗೂಣು.”

ಮರುದಿನ ಅವರ ಮನೆಯ ಮೆಟ್ಟಿಲ ಮೇಲೆ ನಿಂತು ಲೆನ್ಸು ಕೊಟ್ಟೆ. ಅವರು ಅದನ್ನು ತಮ್ಮ ಕ್ಯಾಮೆರಾಕ್ಕೆ ತಿರುವಿ, ಫೋಕಸ್ಸಿನ ರಿಂಗನ್ನು ಆಚೀಚೆ ಆಡಿಸಿದರು. ಹುಬ್ಬು ಮೇಲೇರಿದವು.

“ಎಷ್ಟ ಹಗರ ಆಗೇತೆಲ್ಲೋ ಇದು!”

ಹೇಳುವ ಅವಕಾಶ ಅಂಗೈಯಲ್ಲಿ ಇಟ್ಟಂತೆ ಬಂದಿತ್ತು. “ದಿನಾ ತಿರಿವಿ ತಿರಿವಿ ಹಗರ ಆಗೇತ್ರಿ,” ಎಂದೆ.

“ಹಂಗಾದ್ರ ನನಗಿಂತ ನೀನ ಇದನ್ನ ಛಲೋ ದುಡಸೀದಿ ಬಿಡು,” ಎಂದು ನಕ್ಕು, ಸೆರಗು ಬಿಗಿದು ಗಾಡಿ ಹತ್ತಿದರು. ದಾರಿಯುದ್ದಕ್ಕೂ ಹಿಂದೆ ಕುಳಿತು ತಮ್ಮ ಅಪ್ಪ ಬುತ್ತಿ ಕಟ್ಟಿಕೊಂಡು ಬ್ಯಾರೇಜಿನ ಕೆಲಸಕ್ಕೆ ಹೋಗುತ್ತಿದ್ದ ಸಂಗತಿ ಹೇಳುತ್ತ ಬಂದರು. ನಾನು ಹೂಂ ಎನ್ನುತ್ತಿದ್ದೆ.

ಹೊಳೆ ದಂಡೆಯಲ್ಲಿ ಆಗಲೇ ಜನ ಸೇರಿದ್ದರು. ಮೋಡ ಕವಿದಿತ್ತು. ಕೆಂಪು ನೀರು ಬ್ಯಾರೇಜಿನ ಮೇಲೆ ಹೊರಳಿ, ಕೆಳಗೆ ಬಿದ್ದು, ಮತ್ತೆ ಎದ್ದು ಹೋಗುತ್ತಿತ್ತು. ಮೊಬೈಲ್ ಹಿಡಿದು ನೀರಿಗೆ ಬೆನ್ನು ಮಾಡಿ ನಿಂತವರನ್ನು ಹೋಂ ಗಾರ್ಡ್ ಒಬ್ಬ ಸೀಟಿ ಊದಿ ಹಿಂದೆ ಸರಿಸುತ್ತಿದ್ದ. ಅಕ್ಕೋರು ತಮ್ಮ ಜಾಗ ಹುಡುಕಿ ನಿಂತರು. ಫೋಕಸ್ಸಿನ ರಿಂಗನ್ನು ನೋಡದೆಯೇ ಕೊನೆಯವರೆಗೆ ತಿರುಗಿಸಿದರು. ಇಷ್ಟು ವರ್ಷ ಹಾಗೆಯೇ ಮಾಡಿದ್ದರು. ಆಚೆ ದಂಡೆ ಯಾವಾಗಲೂ ಅಷ್ಟೇ ದೂರ.

“ನೋಡ ಬಾ, ನೀರ ಎಷ್ಟ ಕೆಂಪೈತಿ,” ಎಂದು ಕ್ಯಾಮೆರಾ ನನ್ನ ಕೈಗೆ ಕೊಟ್ಟರು.

ಕಣ್ಣಿಟ್ಟು ನೋಡಿದೆ. ಹತ್ತಿರದ ಕಲ್ಲುಗಳು ಚೊಕ್ಕವಾಗಿದ್ದವು. ಆಚೆ ದಂಡೆಯ ಜಾಲಿ ಮರಗಳು ಒದ್ದೆ ಕಾಗದದ ಮೇಲೆ ಬಿದ್ದ ಶಾಯಿಯಂತೆ ಹರಡಿದ್ದವು. ರಿಂಗು ತಿರುಗಿಸಲು ಹೋದೆ. ಅದು ಆಗಲೇ ಕೊನೆಗೆ ತಾಗಿ ನಿಂತಿತ್ತು. ಲೇಥಿನ ಮೇಲೆ ಹೋದ ಕಾಗದದಷ್ಟು ಲೋಹ, ಗುಡ್ಡದ ಮೇಲಿನ ಟವರು, ನಾನು ಬಿಗಿದ ತಡೆ, ಎಲ್ಲ ಒಮ್ಮೆಲೇ ಅರ್ಥವಾಯಿತು. ನನ್ನ ಕ್ಯಾಮೆರಾದಲ್ಲಿ ಸರಿಯಾದದ್ದು ಅವರ ಕ್ಯಾಮೆರಾದಲ್ಲಿ ತಪ್ಪಾಗಿತ್ತು. ಈ ಲೆನ್ಸು ಇನ್ನು ಆ ದಂಡೆಯವರೆಗೆ ನೋಡಲಾರದು.

“ಹೌದ್ರಿ, ಕೆಂಪ ಐತಿ,” ಎಂದು ಕ್ಯಾಮೆರಾ ಮರಳಿಸಿದೆ.

ಅವರು ಉಸಿರು ಹಿಡಿದು ಒಂದು ಚಿತ್ರ ತೆಗೆದರು. ರೀಲು ಮುಂದೆ ಸರಿಸಿದರು. ಇನ್ನೊಂದು ತೆಗೆದರು. ಮನೆಗೆ ಹೋದ ಮೇಲೆ ಹೇಳಿದರಾಯಿತು ಎಂದು ಒಂದು ಮನಸ್ಸು. ಹೇಳದಿದ್ದರೂ ನಡೆಯುತ್ತದೆ, ಕಣ್ಣು ಮಂದವಾಗಿವೆ, ತಮ್ಮದೇ ತಪ್ಪು ಎಂದುಕೊಳ್ಳುತ್ತಾರೆ ಎಂದು ಇನ್ನೊಂದು. ಆ ಎರಡನೆಯ ಯೋಚನೆ ನನ್ನದೇ ತಲೆಯೊಳಗೆ ಹುಟ್ಟಿದ್ದು ಕಂಡು ನನಗೆ ಹೇಸಿಗೆಯಾಯಿತು. ಅವರು ಲೆನ್ಸಿನ ಮುಚ್ಚಳ ಹಾಕಲು ಕೈ ಎತ್ತಿದ್ದರು.

“ಅಕ್ಕೋರ, ನಿಂದರ್ರಿ. ಫೋಕಸ್ ಆಗಿಲ್ಲ.”

“ಕಡೀತನಕ ತಿರಿವೇನಲ್ಲ.”

“ಕಡೀತನಕ ತಿರಿವಿದ್ರೂ ಬರೂದಿಲ್ರಿ. ನಾ ಅದನ್ನ ಬಿಚ್ಚೇನ್ರಿ.”

ಅವರು ನನ್ನನ್ನು ನೋಡಲಿಲ್ಲ, ಲೆನ್ಸನ್ನು ನೋಡಿದರು.

“ಯಾವಾಗ?”

“ಒಯ್ದ ಹೊಸದಾಗ್ರಿ.”

“ಮುಂಜಾನೆ ಹಗರ ಆಗೇತಿ ಅಂದಾಗ?”

ಹೋಂ ಗಾರ್ಡ್ ನಮ್ಮತ್ತಲೂ ಬರುತ್ತಿದ್ದ. “ಅಮ್ಮಾರ, ನೀರ ಏರಾಕತ್ತೈತಿ, ಹಿಂದ ಸರೀರಿ,” ಎಂದು ದೂರದಿಂದಲೇ ಕೂಗಿದ. ಅಕ್ಕೋರು ಅವನಿಗೆ ಕೈ ಎತ್ತಿ ತಡೆ ಎಂದು ಸನ್ನೆ ಮಾಡಿ, ತರಗತಿಯಲ್ಲಿ ಕೇಳುತ್ತಿದ್ದ ದನಿಯಲ್ಲೇ ಕೇಳಿದರು.

“ಈಗ ಏನ್ ಮಾಡಿದ್ರ ಬರತೈತಿ? ಅದನ್ನಷ್ಟ ಹೇಳು.”

ಕಿಂಡಿಯನ್ನು ಪೂರ್ತಿ ಕಿರಿದು ಮಾಡಿದರೆ ಹತ್ತಿರದ್ದೂ ದೂರದ್ದೂ ಎರಡೂ ಸ್ಪಷ್ಟವಾಗುತ್ತವೆ. ಆದರೆ ಈ ಮೋಡದ ಬೆಳಕಿನಲ್ಲಿ ಶಟರನ್ನು ಬಹಳ ನಿಧಾನ ಮಾಡಬೇಕಾಗುತ್ತದೆ, ಕೈಯಲ್ಲಿ ಹಿಡಿದು ತೆಗೆಯಲಾಗುವುದಿಲ್ಲ, ನೀರೂ ಹಾಲು ಸುರಿದಂತೆ ಕಾಣುತ್ತದೆ. ತಡವರಿಸುತ್ತ ಇಷ್ಟನ್ನು ಹೇಳಿದೆ. ಅವರು ಹೆಗಲ ಚೀಲವನ್ನು ದಂಡೆಯ ಮೋಟು ಗೋಡೆಯ ಮೇಲೆ ಇಟ್ಟು, ಅದರ ಮೇಲೆ ಕ್ಯಾಮೆರಾ ಊರಿದರು. ನಾನು ಕಿಂಡಿಯ ರಿಂಗು, ಶಟರು ಹೊಂದಿಸಿಕೊಟ್ಟೆ. ಒಂದೇ ಚಿತ್ರ. ಅಷ್ಟರಲ್ಲಿ ಹೋಂ ಗಾರ್ಡ್ ಬಂದು ನಮ್ಮನ್ನು ಅಲ್ಲಿಂದ ಕಳಿಸಿದ.

ಮರಳುವಾಗ ಅವರು ಹಿಂದೆ ಕುಳಿತು ಕ್ಯಾಮೆರಾವನ್ನು ಎರಡೂ ಕೈಯಿಂದ ತೊಡೆಯ ಮೇಲೆ ಹಿಡಿದುಕೊಂಡಿದ್ದರು. ಮನೆಯ ಮುಂದೆ ಇಳಿದ ಮೇಲೆ, “ನಾಳಿ ಬಂದ ನನ್ನ ಮುಂದ ಬಿಚ್ಚು. ಬಿಚ್ಚಿದವನ ಕೂಡಸ್ಲಿ,” ಎಂದು ಒಳಗೆ ಹೋದರು.

ಮರುದಿನ ಅವರ ಮಾಳಿಗೆಯ ಮೇಲೆ ಕೆಲಸ ಮಾಡಿದೆವು. ಅವರ ಕ್ಯಾಮೆರಾದಿಂದ ರೀಲನ್ನು ಸುತ್ತಿ ತೆಗೆದು, ರೀಲು ಕೂರುವ ಜಾಗಕ್ಕೆ ಅವರದೇ ಟ್ರೇಸಿಂಗ್ ಪೇಪರಿನ ತುಂಡನ್ನು ಬಿಗಿಯಾಗಿ ಅಂಟಿಸಿ, ಶಟರನ್ನು ತೆರೆದು ಹಿಡಿದರೆ ಗುಡ್ಡದ ಮೇಲಿನ ಟವರು ಕಾಗದದ ಮೇಲೆ ತಲೆಕೆಳಗಾಗಿ ಮೂಡುತ್ತಿತ್ತು. ಅವರು ಕಪ್ಪು ಬಟ್ಟೆ ಮುಸುಕು ಹಾಕಿಕೊಂಡು ಭೂತಗನ್ನಡಿಯಲ್ಲಿ ನೋಡುತ್ತಿದ್ದರು, ನಾನು ತಡೆಯ ತಿರುಪುಗಳನ್ನು ಸಡಿಲಿಸಿ ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಸುತ್ತಿದ್ದೆ.

“ಇನ್ನಷ್ಟ. ಇನ್ನಷ್ಟ. ಹಾಂ, ಈಗ ಬಂತು. ಬಿಗಿ.”

ಬಿಗಿದೆ. ಆಮೇಲೆ ಅವರೇ ಅದನ್ನು ನನ್ನ ಕ್ಯಾಮೆರಾಕ್ಕೆ ಹಾಕಿ ನೋಡು ಎಂದರು. ಹಾಕಿದೆ. ರಿಂಗನ್ನು ಕೊನೆಗಿಂತ ತುಸು ಮೊದಲು ನಿಲ್ಲಿಸಿದರೆ ಟವರು ಸ್ಪಷ್ಟ, ಹತ್ತಿರದ ಮುಖವೂ ಸ್ಪಷ್ಟ. ಆ ತಡೆಯನ್ನು ಮೊದಲಿದ್ದಲ್ಲೇ ಬಿಗಿದಿದ್ದರೂ ಲೆನ್ಸು ಎರಡೂ ಕ್ಯಾಮೆರಾಗಳಿಗೆ ಒಗ್ಗುತ್ತಿತ್ತು. ನಾನು ಹಾಳು ಮಾಡಿದ್ದು ಯಾವ ಅಗತ್ಯಕ್ಕೂ ಅಲ್ಲ. ಅದನ್ನೂ ಅವರಿಗೆ ಹೇಳಿದೆ. ಅವರು ಲೆನ್ಸು ಒರೆಸುತ್ತ ಕೇಳಿಸಿಕೊಂಡರು. ಅಂಟು ಹಾಕಿದ ಕಡ್ಡಿ ಮಾತ್ರ ಬಿಡಿಸಲು ಬರಲಿಲ್ಲ. ಇನ್ನು ಮುಂದೆ ಪ್ರತಿ ಚಿತ್ರಕ್ಕೂ ಅವರು ಕಿಂಡಿಯನ್ನು ಕೈಯಿಂದಲೇ ತೆರೆದು ನೋಡಿ, ಕೈಯಿಂದಲೇ ಕಿರಿದು ಮಾಡಿ ತೆಗೆಯಬೇಕು.

ರೀಲು ಬೇರೆ ಊರಿಗೆ ಹೋಗಿ ತೊಳೆದು ಬರುವಷ್ಟರಲ್ಲಿ ಹೊಳೆಯ ನೀರು ಇಳಿದಿತ್ತು. ಮೊದಲಿನ ಎರಡು ಚಿತ್ರಗಳು ಮಬ್ಬು. ಮೂರನೆಯದರಲ್ಲಿ ಜಾಲಿ ಮರಗಳು ಕೊಂಬೆ ಎಣಿಸುವಷ್ಟು ಸ್ಪಷ್ಟವಾಗಿದ್ದವು, ಕೆಳಗೆ ಮೋಟು ಗೋಡೆಯ ಅಂಚು ಅಡ್ಡ ಬಂದಿತ್ತು. ಅಕ್ಕೋರು ಅದನ್ನು ಬಹಳ ಹೊತ್ತು ನೋಡಿದರು.

“ನೀರ ನಿಂತಂಗ ಕಾಣತೈತಿ,” ಎಂದರು. ಆಮೇಲೆ ಅದನ್ನೇ ಗೋಡೆಯ ಸಾಲಿನ ತುದಿಗೆ ಅಂಟಿಸಿದರು.

ಬನಹಟ್ಟಿಯ ಸಭಾಭವನದಲ್ಲಿ ಚಿತ್ರಗಳನ್ನು ತೂಗುಹಾಕಿದ ದಿನ ನಾನು ಅವರನ್ನು ಕರೆದಿದ್ದೆ. ಬರುತ್ತಾರೆಂದು ಅಂದುಕೊಂಡಿರಲಿಲ್ಲ. ತಂಗಿಯ ಜೊತೆ ಬಸ್ಸಿನಲ್ಲಿ ಬಂದರು. ನೇಕಾರರ ಮನೆಯವರೆಲ್ಲ ತಮ್ಮ ತಮ್ಮ ಮುಖದ ಮುಂದೆ ನಿಂತು ನಗುತ್ತಿದ್ದರು. ಕಂಡಿಕೆಯ ಹೆಂಗಸು ತಮ್ಮ ಚಿತ್ರ ನೋಡಿ, “ನಾ ಇಷ್ಟ ಮುದುಕಿ ಆಗೇನೇನೋ ಯಪ್ಪಾ?” ಎಂದು ಎಲ್ಲರನ್ನೂ ನಗಿಸಿದರು. ಸಂಘದವರು ನನಗೆ ಶಾಲು ಹೊದಿಸಿದರು.

ಅಕ್ಕೋರು ಆ ಚಿತ್ರದ ಮುಂದೆ ನಿಂತದ್ದು ನೋಡಿ ನಾನು ಹತ್ತಿರ ಹೋದೆ. ನೂಲಿನ ತುದಿ, ತುಟಿ, ಬೆಳಕು ಬಿದ್ದ ಬೆರಳುಗಳನ್ನು ಅವರು ಒಂದೊಂದಾಗಿ ನೋಡುತ್ತಿದ್ದರು. ತಿರುಗದೆಯೇ ಕೇಳಿದರು:

“ಇದು ಬಿಚ್ಚೂ ಮದಲಿಂದೋ, ಬಿಚ್ಚಿದ ಮ್ಯಾಲಿಂದೋ?”

“ಬಿಚ್ಚಿದ ಮ್ಯಾಲಿಂದ್ರಿ.”

ಅವರು ತಲೆಯಾಡಿಸಿದರು.

“ಛಲೋ ಬಂದೈತಿ,” ಎಂದರು. ಆಮೇಲೆ ಸೆರಗು ಸರಿಪಡಿಸಿಕೊಂಡು ಮುಂದಿನ ಚಿತ್ರಕ್ಕೆ ಹೋದರು. ಉಳಿದ ಯಾವ ಚಿತ್ರದ ಬಗ್ಗೆಯೂ ಅವರು ಹಾಗೆ ಕೇಳಲಿಲ್ಲ. ನಾನು ಶಾಲು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಅವರ ಹಿಂದೆ ಹಿಂದೆ ನಡೆದೆ.